ಜಾಮೀನಿಗೆ ಒಬ್ಬರು ಬೇಕಿತ್ತು

ಬರೆಯುವ ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಈ ಜಾಮೀನಿನ ವಿಷಯಕ್ಕಾಗಿ ಸೋದರಮಾವನ ಊರಿಗೆ ಎರಡು ಸಲ ಹೋದೆನೋ ಮೂರು ಸಲವೋ ನನಗೆ ಖಚಿತವಿಲ್ಲ. ಬೇರೆ ಬೇರೆ ದಿನ ಆಡಿದ ಮಾತುಗಳು ನನ್ನ ತಲೆಯಲ್ಲಿ ಒಂದೇ ಮಧ್ಯಾಹ್ನವಾಗಿ ಕೂಡಿಕೊಂಡಿವೆ ಅನ್ನಿಸುತ್ತದೆ. ಆಗಲೂ ಡೈರಿ ಬರೆಯುತ್ತಿದ್ದೆ, ನಿಜ. ಈಗ ತೆಗೆದು ನೋಡಿದರೆ ಬಸ್ಸು ತಡವಾಗಿದ್ದು, ಗಂಟಲು ಕಟ್ಟಿದ್ದು, ಬಿಡದಿಯಲ್ಲಿ ಗೆಳತಿಯ ಜೊತೆ ತಟ್ಟೆ ಇಡ್ಲಿ ತಿಂದದ್ದು ಇಂಥವೇ ಇವೆ. ಮುಖ್ಯವಾದದ್ದು ಹೇಗಿದ್ದರೂ ನೆನಪಿರುತ್ತದೆ ಎಂದು ಬರೆಯದೆ ಬಿಟ್ಟಿರಬೇಕು. ಎಂ.ಎ. ಓದಿದವಳಿಗೆ ತನ್ನ ತಲೆಯ ಮೇಲೆ ಇಷ್ಟೊಂದು ನಂಬಿಕೆ ಎಲ್ಲಿಂದ ಬಂದಿತ್ತೋ.

ಅತಿಥಿ ಉಪನ್ಯಾಸಕಿಯ ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದ ವರ್ಷ ಅದು. ಚನ್ನಪಟ್ಟಣದ ಮನೆಯಲ್ಲಿ ಕೂತು ಅಮ್ಮನ ನಿಟ್ಟುಸಿರು ಕೇಳುವುದಕ್ಕಿಂತ ವಾಸಿ ಎಂದು ರಾಮನಗರದಲ್ಲಿ ನಡೆಯುತ್ತಿದ್ದ ಪ್ಯಾರಾಲೀಗಲ್ ಕೋರ್ಸಿಗೆ ಸೇರಿದೆ. ಅದು ವಕೀಲರಾಗುವ ಓದಲ್ಲ. ಠಾಣೆ, ಕೋರ್ಟು, ಜೈಲುಗಳ ಬಾಗಿಲಲ್ಲಿ ದಿಕ್ಕು ತೋಚದೆ ನಿಂತವರಿಗೆ ಯಾವ ಕಡೆ ಹೋಗಬೇಕು, ಯಾರನ್ನು ಕೇಳಬೇಕು ಎಂದು ಹೇಳಿಕೊಡುವವರನ್ನು ತಯಾರು ಮಾಡುವ ಓದು. ಪಾಠ ಮಾಡುತ್ತಿದ್ದವರು ಅಲ್ಲಿಯೇ ವಕೀಲಿ ಮಾಡುತ್ತಿದ್ದ ಹಿರಿಯ ಹೆಂಗಸು. ವಕೀಲರನ್ನು ಇಟ್ಟುಕೊಳ್ಳಲಾಗದವರ ಕೇಸುಗಳನ್ನು ಕಾನೂನು ನೆರವಿನಡಿ ಅವರೇ ನಡೆಸುತ್ತಿದ್ದರು. ನಾವು ಮೇಡಂ ಎನ್ನುತ್ತಿದ್ದೆವು.

ದೂರು, ಬಂಧನ, ದೋಷಾರೋಪಪಟ್ಟಿ, ವಿಚಾರಣೆ, ತೀರ್ಪು ಎಂದು ಬೋರ್ಡಿನ ಮೇಲೆ ಬಾಣದ ಗುರುತು ಹಾಕುತ್ತಾ ಮೊದಲ ವಾರಗಳು ಕಳೆದವು. ನನಗೆ ಅದು ಇಷ್ಟವಾಗಿತ್ತು. ಒಂದರ ಹಿಂದೆ ಒಂದು, ಎಲ್ಲಕ್ಕೂ ಒಂದು ಜಾಗ. ಜಾಮೀನಿನ ಪಾಠದ ದಿನ ಮೇಡಂ ಬೋರ್ಡಿನ ಕಡೆ ಹೋಗಲಿಲ್ಲ. ತಾವೇ ನ್ಯಾಯಾಧೀಶರಾಗಿ ಮೇಜಿನ ಹಿಂದೆ ಕೂತು, ನನ್ನನ್ನು ಜಾಮೀನುದಾರಳೆಂದು ಎದುರಿಗೆ ನಿಲ್ಲಿಸಿಕೊಂಡರು.

‘ಆರೋಪಿ ನಿಮಗೆ ಗೊತ್ತಾ?’

‘ಗೊತ್ತು ಮೇಡಂ.’

‘ಕರೆದಾಗೆಲ್ಲ ಕೋರ್ಟಿಗೆ ಬರೋ ಹಾಗೆ ನೋಡ್ಕೋತೀರಾ?’

‘ನೋಡ್ಕೋತೀನಿ.’

‘ನಿಮ್ಮ ಹೆಸರಲ್ಲಿ ಜಮೀನು?’

‘ಇಲ್ಲ.’

‘ಸಂಬಳ?’

‘ಸದ್ಯಕ್ಕೆ ಇಲ್ಲ ಮೇಡಂ.’

‘ಎಂ.ಎ. ಇದೆ ಅಂತ ಹೇಳಮ್ಮ, ಅದನ್ನಾದ್ರೂ ಅಡ ಇಟ್ಕೋತಾರಾ ನೋಡೋಣ.’

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಮೇಡಂ ವಿವರಿಸಿದ್ದು ಇಷ್ಟು: ಕೋರ್ಟು ಒಬ್ಬನಿಗೆ ಜಾಮೀನು ಕೊಟ್ಟ ಮಾತ್ರಕ್ಕೆ ಅವನು ಹೊರಗೆ ಬರುವುದಿಲ್ಲ. ಅವನಿಗಾಗಿ ಇನ್ನೊಬ್ಬರು ಬಂದು ನಿಲ್ಲಬೇಕು. ನಮ್ಮ ಕಡೆ ಅಂದರೆ, ಸ್ವಂತ ಹೆಸರಿನಲ್ಲಿ ಪಹಣಿ ಇರುವವರು ಬಂದು ‘ಇವನು ತಪ್ಪಿಸಿಕೊಂಡರೆ ನಾನು ಹೊಣೆ’ ಎಂದು ಸಹಿ ಹಾಕಬೇಕು. ಅಂಥವರು ಯಾರೂ ಬರದಿದ್ದರೆ ಆದೇಶ ಕಡತದಲ್ಲಿರುತ್ತದೆ, ಮನುಷ್ಯ ಜೈಲಿನಲ್ಲಿರುತ್ತಾನೆ.

ಮುಂದಿನ ವಾರ ಮೇಡಂ ನಮ್ಮ ಕೆಲವರನ್ನು ಜೈಲಿಗೆ ಕರೆದುಕೊಂಡು ಹೋದರು. ಹಾಗೆ ಉಳಿದುಕೊಂಡವರನ್ನು ಮಾತಾಡಿಸಿ, ಹೊರಗೆ ಯಾರಿದ್ದಾರೆ ಎಂದು ಕೇಳಿಕೊಂಡು ಬರುವುದು ನಮ್ಮ ಕೆಲಸ. ನನ್ನ ಎದುರಿಗೆ ಬಂದು ಕೂತವನಿಗೆ ನಲವತ್ತರ ಆಸುಪಾಸು. ನಾನು ಬಾಯಿ ಬಿಡುವ ಮೊದಲೇ ಅವನು ಕೇಳಿದ:

‘ನೀವು ನಮ್ ಯಜಮಾನ್ರ ಅಕ್ಕನ ಮಗಳಲ್ವ್ರಾ? ಚನ್ನಪಟ್ಣದೋರು?’

ನನಗೆ ಗುರುತು ಸಿಗಲಿಲ್ಲ. ಅವನಿಗೆ ನಗು ಬಂತು.

‘ಸಣ್ಣೋರಿದ್ದಾಗ ಉಳಿನ್ ಮನೇಲಿ ಸೀನ್ತಿದ್ರಿ. ಸೀನ್ಬ್ಯಾಡಿ ಕಣ್ರವ್ವ, ಉಳ ಎದುರ್ಕತ್ತವೆ ಅಂತ ನಾನೇ ಬಾಗ್ಲಾಚೆ ಕಳುಸ್ತಿದ್ದೆ.’

ಆಗ ನೆನಪಾಯಿತು ಎಂದು ಬರೆಯಲು ಮನಸ್ಸಾಗುತ್ತದೆ. ರೇಷ್ಮೆ ಹುಳು ಸಾಕುವ ಮಾವನ ಆ ಉದ್ದನೆಯ ಕೋಣೆ, ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ತಟ್ಟೆಗಳ ನಡುವೆ ಬಗ್ಗಿ ಸೊಪ್ಪು ಹಾಕುವ ಒಬ್ಬ ಆಳು. ಆದರೆ ಇದು ನಾನು ಕಂಡದ್ದೋ, ಅವನು ಹೇಳಿದ ಮೇಲೆ ಕಟ್ಟಿಕೊಂಡದ್ದೋ ಈಗ ಬೇರ್ಪಡಿಸಲು ಆಗುವುದಿಲ್ಲ.

ಮಾವನ ಊರು ಕನಕಪುರದ ಕಡೆ. ಇವನೂ ಅದೇ ಊರಿನವನು, ಕೆರೆಯಾಚೆಯ ಕೇರಿಯವನು. ಮಾವ ರೆಂಬೆ ಸಮೇತ ಸೊಪ್ಪು ಕೊಡುವ ಹೊಸ ಪದ್ಧತಿಗೆ ಬದಲಾದ ಮೇಲೆ ಆಳು ಬೇಕಾಗಲಿಲ್ಲ. ಇವನು ರಾಮನಗರಕ್ಕೆ ಬಂದು ಗೂಡಿನಿಂದ ನೂಲು ಬಿಚ್ಚುವ ಒಂದು ಶೆಡ್ಡಿನಲ್ಲಿ ಸೇರಿಕೊಂಡ. ಅಲ್ಲಿ ಒಂದಷ್ಟು ನೂಲು ಕಾಣೆಯಾಯಿತು. ಮಾಲೀಕ ಇವನ ಮೇಲೆ ದೂರು ಕೊಟ್ಟ.

‘ನಾ ಮುಟ್ಟಿಲ್ಲ ಕಣ್ರವ್ವ’ ಅಂದ. ಹೆಂಡತಿ ಮಗುವನ್ನು ಕರೆದುಕೊಂಡು ಮಾಗಡಿ ಹತ್ತಿರದ ತವರಿಗೆ ಹೋಗಿದ್ದಳು. ತವರಿನವರಿಗೂ ಜಮೀನಿರಲಿಲ್ಲ. ಜಾಮೀನಿನ ಆದೇಶವಾಗಿ ಎಷ್ಟೋ ದಿನವಾಗಿತ್ತು. ‘ಯಜಮಾನ್ರಿಗೆ ಒಸಿ ಯೋಳಿ. ವಿಸ್ಯ ಗೊತ್ತಾದ್ರೆ ಬಂದೇ ಬತ್ತಾರೆ.’

ಹೊರಗೆ ಬಂದ ಮೇಲೆ, ಅವನು ಕದ್ದಿರಬಹುದೇ ಎಂದು ಮೇಡಂ ಅವರನ್ನು ಕೇಳಿದೆ.

‘ಅದು ವಿಚಾರಣೆ ಮುಗಿದ ಮೇಲೆ ಗೊತ್ತಾಗತ್ತೆ. ಗೊತ್ತಾಗದೇನೂ ಇರಬಹುದು. ಅಲ್ಲೀವರೆಗೆ ಅವನು ಎಲ್ಲಿರಬೇಕು ಅನ್ನೋದಷ್ಟೇ ಈಗಿರೋ ಪ್ರಶ್ನೆ. ನಿನ್ನ ಮಾವನಿಗೆ ಪಹಣಿ ಇದೆ ತಾನೆ? ಹೋಗಿ ಕೇಳು.’

ನೇರವಾಗಿ ಬಸ್ ಹತ್ತಿದೆ. ಕೆಲಸ ಸುಲಭವಾಯಿತೆಂದೇ ಅನ್ನಿಸಿತ್ತು.

ಅತ್ತೆ ನನ್ನನ್ನು ಹುಳುಮನೆಯ ಹೊಸ್ತಿಲಲ್ಲೇ ತಡೆದಳು.

‘ಅಲ್ಲೇ ನಿಂತ್ಕೊಳೆ! ಎಲ್ಲಿಂದ ಬಂದೆ?’

‘ರಾಮನಗರದಿಂದ ಅತ್ತೆ. ಬೆಳಗ್ಗೆ ಜೈಲಿಗೆ ಹೋಗಿದ್ದೆ...’

‘ಅಯ್ಯೋ ನಿನ್ ಬುದ್ಧಿಗಿಷ್ಟು! ಜೈಲ್ ಹೊಕ್ಕಿದ್ ಬಟ್ಟೇಲಿ ಉಳಿನ್ ಮನೆಗೆ ಬತ್ತೀಯಾ? ನಾಕ್ನೇ ಜ್ವರ ಬುಟ್ಟು ಈಗ್ತಾನೆ ಎದ್ದವೆ. ಓಗು, ಕೈಕಾಲ್ ತೊಳ್ಕೊಂಡು ಜಗ್ಲಿ ಮೇಲ್ ಕೂತ್ಕೊ.’

ಹುಳುಗಳು ಮೇವು ಬಿಟ್ಟು ಪೊರೆ ಕಳಚಲು ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಳೆದ ಮೇಲೆ ಅವುಗಳಿಗೆ ಹಸಿವೋ ಹಸಿವು. ಒಂದು ವಾರ ಹಗಲೂ ರಾತ್ರಿ ತಿಂದು, ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಹತ್ತುತ್ತವೆ. ಆ ದಿನಗಳಲ್ಲಿ ಮನೆಯವರು ಮದುವೆ ಮುಂಜಿಗೂ ಹೋಗುವುದಿಲ್ಲ. ಹೊರಗಿನವರ ಕಾಲು, ಕಣ್ಣು, ಒಗ್ಗರಣೆಯ ಘಾಟು ಎಲ್ಲವೂ ಹುಳಕ್ಕೆ ಆಗದು ಎಂಬ ನಂಬಿಕೆ. ಜೈಲಿನ ಗಾಳಿಯೂ ಆ ಪಟ್ಟಿಯಲ್ಲಿದೆ ಎಂದು ನನಗೆ ಅವತ್ತು ಗೊತ್ತಾಯಿತು.

ಮಾವ ಹೆಗಲ ಮೇಲಿನ ಸೊಪ್ಪಿನ ಚೂರು ಕೊಡವಿಕೊಳ್ಳುತ್ತಾ ಹೊರಗೆ ಬಂದ. ನಾನು ವಿಷಯ ಹೇಳಿದೆ.

‘ಅವ್ನಾ? ಜೈಲಾಗವ್ನಾ?’ ಮಾವ ಜಗಲಿಯ ಅಂಚಿನಲ್ಲಿ ಕೂತ. ‘ಅವ್ನು ಕದಿಯಾ ಪೈಕಿ ಅಲ್ಲ ಕಣವ್ವ. ಒಂದ್ಸಲ ಮಳೆ ಇಡ್ಕಂಡು ಸೊಪ್ಪೆಲ್ಲ ನೆಂದೋಗಿತ್ತು. ಒದ್ದೆ ಸೊಪ್ಪು ತಿಂದ್ರೆ ಉಳ ಉಳಿಯಾಕಿಲ್ಲ. ಒಂದೊಂದ್ ಎಲೆ ತಕ್ಕಂಡು ಪಂಚೇಲಿ ಒರ್ಸಿ ಒರ್ಸಿ ಆಕ್ದ. ಅಂಥ ಕೈ ಅವನ್ದು.’

‘ಅಂಗಾರೆ ಓಗಿ ಬುಡುಸ್ಕೊಂಡ್ ಬಾ’ ಅಂದಳು ಅತ್ತೆ. ‘ಇಲ್ಲಿ ಕುಂತ್ಕೊಂಡು ಒಗಳುದ್ರೆ ಬೀಗ ತಕ್ಕತ್ತದಾ?’

‘ಉಳ ಬುಟ್ಟು ಎಂಗೆ ಓಗ್ಲಿ? ನೀನೊಬ್ಳೇ ಸೊಪ್ಪು ತತ್ತೀಯಾ?’

‘ತತ್ತೀನಿ. ನೀನಿದ್ದಾಗ್ಲೂ ನಾನೇ ಅಲ್ವಾ ತರಾದು?’

ಮಾವ ನಕ್ಕ. ಆಮೇಲೆ ನನ್ನ ಕಡೆ ನೋಡದೆ ಕೇಳಿದ: ‘ಸೈನ್ ಆಕುದ್ರೆ ಪಾಣೀಲಿ ಕೋರ್ಟಿನ್ ಎಸ್ರು ಬೀಳ್ತದಂತೆ?’

ಅವನು ಪ್ರತಿ ವಾಯಿದೆಗೂ ಬಂದರೆ ಜಮೀನಿಗೆ ಏನೂ ಆಗುವುದಿಲ್ಲ ಎಂದು ತರಗತಿಯಲ್ಲಿ ಕಲಿತದ್ದನ್ನು ಒಪ್ಪಿಸಿದೆ.

‘ಬರ್ದೇ ಓದ್ರೆ?’

‘ಬಾಂಡ್‌ನಲ್ಲಿ ಬರೆದಿರೋದನ್ನ ನೀನು ಕಟ್ಟಬೇಕಾಗುತ್ತೆ ಮಾವ.’

‘ಅಂಗೋ’ ಅಂದ.

‘ಅವ್ನು ಎಲ್ ಓದಾನು? ಓಗಾಕೆ ಅವನಿಗ್ ಬ್ಯಾರೆ ಊರೈತಾ?’ ಅತ್ತೆ ಅಂದಳು. ‘ನೋಡು, ಅವನ್ ಲೋಟ ಇನ್ನೂ ಅಲ್ಲೇ ಐತೆ.’ ಅವಳು ಕೈ ತೋರಿಸಿದ ಕಡೆ ನೋಡಿದೆ. ಹುಳುಮನೆಯ ಹೊರಗೋಡೆಯ ಮೇಲೆ ಒಂದು ಸ್ಟೀಲ್ ಲೋಟ ಬೋರಲು ಬಿದ್ದಿತ್ತು. ಅವನು ಕೆಲಸ ಬಿಟ್ಟು ಹೋದ ಮೇಲೂ ಅದನ್ನು ಯಾರೂ ಒಳಗೆ ತಂದಿರಲಿಲ್ಲ. ಅವನಿದ್ದಾಗಲೂ ತಂದಿರಲಿಲ್ಲ. ಅತ್ತೆ ಅದನ್ನು ಪ್ರೀತಿಯಿಂದಲೇ ತೋರಿಸಿದಳು ಎಂದು ಈಗಲೂ ನಂಬುತ್ತೇನೆ. ನಂಬುವುದು ಅಷ್ಟು ಸುಲಭವೂ ಅಲ್ಲ.

ಕೊನೆಗೆ ಮಾವ ಮಾತು ಕೊಟ್ಟ: ‘ಉಳ ಅಣ್ಣಾಗ್ಲಿ. ಗೂಡು ಬುಡುಸ್ಕಂಡು ಮಾರ್ಕೆಟ್ಟಿಗೆ ಬತ್ತೀನಲ್ಲ ರಾಮ್ನಗ್ರಕ್ಕೆ, ಅಂಗೇ ಕೋರ್ಟಿಗೂ ಬಂದ್ಬುಡ್ತೀನಿ. ಪಾಣಿ ತತ್ತೀನಿ. ಅವನ್ಗೆ ಯೋಳು.’

ಹೇಳಿದೆ. ಜೈಲಿನಲ್ಲಿ ಕೂತಿದ್ದ ಅವನು ಬೇಸರ ಮಾಡಿಕೊಳ್ಳಲಿಲ್ಲ. ಹೊರಗಿನ ಲೋಕದಿಂದ ಬಂದ ಅತ್ಯಂತ ಸರಿಯಾದ ಸುದ್ದಿ ಎಂಬಂತೆ ತಲೆದೂಗಿದ.

‘ಸರಿ ಸರಿ. ಉಳ ಬುಟ್ಟು ಬರಾಕಾಗಲ್ಲ. ನಾಕ್ನೇ ಜ್ವರ ಯಾವತ್ತು ಬುಡ್ತು ಅಂದ್ರಿ?’ ಬೆರಳು ಮಡಚುತ್ತಾ ತಾನೇ ಲೆಕ್ಕ ಹಾಕಿಕೊಂಡ. ಯಾವತ್ತು ಹಣ್ಣಾಗುತ್ತವೆ, ಯಾವತ್ತು ಗೂಡು ಬಿಡಿಸುತ್ತಾರೆ, ಯಾವ ದಿನ ಯಜಮಾನರು ರಾಮನಗರದಲ್ಲಿ ಇಳಿಯುತ್ತಾರೆ. ಅವನ ಮುಂದಿನ ವಾಯಿದೆ ಯಾವಾಗ ಎಂಬುದು ಅವನಿಗೆ ಅಷ್ಟು ಚೆನ್ನಾಗಿ ಗೊತ್ತಿರಲಿಲ್ಲ. ಕಾನೂನಿನ ದಿನಗಳನ್ನು ಅವನಿಗೆ ನಾನು ಹೇಳಬೇಕಾಗಿತ್ತು. ಬಿಡುಗಡೆಯ ದಿನವನ್ನು ಮಾತ್ರ ಅವನೇ ನನಗೆ ಹೇಳಿದ.

ಆ ದಿನ ಬಂತು. ಬೆಳಗ್ಗೆ ಅತ್ತೆ ಫೋನ್ ಮಾಡಿ, ಮಾವ ಗೂಡಿನ ಚೀಲಗಳ ಜೊತೆ ಟೆಂಪೋ ಹತ್ತಿದನೆಂದೂ ಪಹಣಿ ತೆಗೆದುಕೊಂಡು ಹೋಗಿದ್ದಾನೆಂದೂ ಹೇಳಿದಳು. ಮೇಡಂ ಕಾಗದಗಳನ್ನು ಸಿದ್ಧ ಮಾಡಿಟ್ಟಿದ್ದರು. ನಾನು ಕೋರ್ಟಿನ ಮೇಲಿನ ಕಾರಿಡಾರಿನಲ್ಲಿ ನಿಂತೆ. ಹೆಸರು ಕೂಗುವ ಸದ್ದು, ಕರಿ ಕೋಟುಗಳ ಓಡಾಟ, ಗೋಡೆಗೆ ಒರಗಿ ಕೂತ ಹೆಂಗಸರು. ಮಾವನಿಗೆ ಫೋನ್ ಮಾಡಿದರೆ ರಿಂಗಾಗುತ್ತಿತ್ತು. ಮಾರುಕಟ್ಟೆಯಲ್ಲಿ ಹರಾಜಿನ ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ. ಊಟದ ಹೊತ್ತಿನ ನಂತರವೂ ಹಾಗೆಯೇ ಅಂದುಕೊಂಡೆ.

ಮಧ್ಯಾಹ್ನ ಕಳೆದ ಮೇಲೆ ಗೇಟಿನ ಹತ್ತಿರ, ಕಬ್ಬಿನ ಹಾಲಿನ ಗಾಡಿಯ ಪಕ್ಕ, ಒಬ್ಬರು ನಿಂತಿದ್ದನ್ನು ಕಂಡೆ. ಬಿಳಿ ಅಂಗಿ, ಹೆಗಲಿಗೆ ಟವೆಲು, ಎದೆಗೆ ಒತ್ತಿಕೊಂಡ ಪ್ಲಾಸ್ಟಿಕ್ ಕವರು. ತಲೆಯೆತ್ತಿ ಕಟ್ಟಡವನ್ನು ನೋಡುತ್ತಿದ್ದರು. ಮೆಟ್ಟಿಲಿಳಿದು ಓಡಿದೆ. ಹೋಗುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ. ಗೂಡು ಮಾರುಕಟ್ಟೆಗೆ ಬಂದ ದಿನ ಆ ಊರಿನಲ್ಲಿ ಅರ್ಧ ಗಂಡಸರು ಹಾಗೆಯೇ ಕಾಣುತ್ತಾರೆ. ಅವರ ನಿಲುವು ಮಾವನದೇ ಎಂದು ಅವತ್ತು ಅನ್ನಿಸಿತ್ತೋ, ಆಮೇಲಿನ ತಿಂಗಳುಗಳಲ್ಲಿ ನಾನೇ ಆ ಅಂಗಿಯೊಳಗೆ ಮಾವನನ್ನು ತಂದು ನಿಲ್ಲಿಸಿದೆನೋ ಹೇಳಲಾರೆ.

ಸಂಜೆ ಮಾವ ಫೋನ್ ಎತ್ತಿದ. ಮಾರ್ಕೆಟ್ಟಿನಲ್ಲಿ ಹೊತ್ತಾಯಿತು, ಟೆಂಪೋದವನು ಆತುರ ಮಾಡಿದ, ಮುಂದಿನ ಬೆಳೆಗೆ ನೋಡೋಣ ಅಂದ. ‘ಚಾಕಿ ಮರಿ ಉಳ ತರಾಕೆ ಯೋಳಿವ್ನಿ ಕಣವ್ವ. ಒಸಿ ತಡ್ಕೊ.’

ಜೈಲಿನಲ್ಲಿ ಅವನು ಮೊದಲು ಕೇಳಿದ್ದು, ‘ಗೂಡು ಎಂಗ್ ಬಂದಿತ್ತಂತೆ?’

ಚೆನ್ನಾಗಿಯೇ ಬಂದಿತ್ತಂತೆ ಎಂದೆ. ಅವನಿಗೆ ಸಂತೋಷವಾದ ಹಾಗೆ ಕಂಡಿತು. ಯಜಮಾನರು ಬರುವುದು ಇನ್ನು ಮುಂದಿನ ಬೆಳೆಗೆ ಎಂದ ಮೇಲೆ ಅವನ ಮುಖ ನಿಧಾನವಾಗಿ ಇಳಿಯಿತು. ಮುಂದಿನ ಬೆಳೆ ಎಂದರೆ ಎಷ್ಟು ದೂರ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

‘ಒಳ್ಗಿರೋರೆಲ್ಲ ಅಂತಾವ್ರೆ, ಒಪ್ಕಂಡ್ಬುಡು ಅಂತ. ಇಷ್ಟು ದಿನ ಇದ್ದಿದ್ದೇ ಸಿಕ್ಷೆ ಅಂತ ಬರ್ದು ಕಳುಸ್ಬುಡ್ತಾರಂತೆ. ನಿಜ್ವಾ?’

ನಿಜವಾಗಿತ್ತು. ಹಾಗೆ ಆಗುವುದುಂಟು ಎಂದು ನಾವೂ ಓದಿದ್ದೆವು. ವಿಚಾರಣೆಗೆ ಕಾಯುತ್ತಾ ಒಳಗೆ ಕಳೆದ ದಿನಗಳನ್ನು ಶಿಕ್ಷೆಯಲ್ಲಿ ಕಳೆಯುತ್ತಾರೆ. ಸಣ್ಣ ಕೇಸಿನಲ್ಲಿ ಎರಡೂ ಸರಿಸಮವಾದರೆ ಅವತ್ತೇ ಬಿಡುಗಡೆ. ಪರೀಕ್ಷೆಯಲ್ಲಿ ಬಂದಿದ್ದರೆ ಪೂರ್ತಿ ಅಂಕ ತೆಗೆಯುತ್ತಿದ್ದೆ.

‘ಆದ್ರೆ ಕದ್ದಿದೀನಿ ಅಂತ ಹೇಳಿದ ಹಾಗಾಗುತ್ತೆ. ಅದು ಹೋಗಲ್ಲ, ಹೆಸರಿಗೆ ಅಂಟ್ಕೊಂಡೇ ಇರುತ್ತೆ’ ಎಂದೆ. ‘ಜಾಮೀನುದಾರರು ಇಲ್ಲದೇನೇ ಬಿಡಿ ಅಂತ ಮೇಡಂ ಅರ್ಜಿ ಹಾಕ್ತಿದಾರೆ. ಸ್ವಲ್ಪ ಕಾಯಿರಿ.’

‘ಕಾಯಾದು ನಾನಲ್ವ್ರಾ’ ಅಂದ. ಕೋಪದಿಂದಲ್ಲ. ‘ನಿಮ್ದು ಕೋರ್ಸ್ ಯಾವಾಗ್ ಮುಗೀತದೆ?’

ತಿಂಗಳಾಂತ್ಯಕ್ಕೆ ಎಂದೆ.

‘ನೋಡಿ ಮತ್ತೆ. ನೀವೂ ಒಂಟೋಯ್ತೀರ. ಮಗೀಗೆ ನಾನು ಗ್ಯಾಪ್ಕ ಇರಾಕಿಲ್ಲ.’

ಮೇಡಂ ಕೂಡ ಹೋಗಿ, ಒಪ್ಪಿಕೊಳ್ಳದೆ ಕಾಯಲು ಹೇಳಿದರು. ಅರ್ಜಿಯ ವಿಚಾರಣೆಗೆ ದಿನ ಗೊತ್ತಾಗಿತ್ತು. ಅದಕ್ಕೆ ಮೊದಲು ಬಂದ ವಾಯಿದೆಯಲ್ಲಿ ಅವನ ಮೇಲಿನ ಆರೋಪವನ್ನು ಓದಿ ಹೇಳಿದರು. ಒಪ್ಪಿಕೊಳ್ಳಬೇಕಾದ ಬಲವಂತವಿಲ್ಲ, ಯೋಚಿಸಿ ಹೇಳಿ ಎಂದು ನ್ಯಾಯಾಧೀಶರು ಒಂದಲ್ಲ ಎರಡು ಸಲ ತಿಳಿಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಯಾರಾದರೂ ಹೆದರಿಸಿದ್ದಾರೆಯೇ ಎಂದೂ ಕೇಳಿದರು. ಯಾರೂ ಹೆದರಿಸಿರಲಿಲ್ಲ. ಯಾರ ಕಡೆಗೂ ಬೆರಳು ತೋರಿಸಲಾಗದಂಥ ಜಾಗದಲ್ಲಿ ಆ ಬಲವಂತ ನಡೆಯುತ್ತಿತ್ತು. ಅವನು ಕೈಕಟ್ಟಿಕೊಂಡು, ‘ಒಪ್ಕತ್ತೀನಿ ಸ್ವಾಮಿ’ ಅಂದ. ಮೇಡಂ ಕಡತದ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದರು.

ಕಳೆದ ದಿನಗಳೇ ಶಿಕ್ಷೆಯಾದವು. ಸಂಜೆಗೆ ಅವನು ಹೊರಗಿದ್ದ.

ಬಸ್ ನಿಲ್ದಾಣದವರೆಗೆ ಜೊತೆಯಲ್ಲಿ ನಡೆದೆ. ಬಿಡುಗಡೆಯಾದವರು ಆಕಾಶ ನೋಡುತ್ತಾರೆ, ಅಳುತ್ತಾರೆ ಎಂದು ನಾನು ಎಲ್ಲಿಂದಲೋ ಕಲ್ಪಿಸಿಕೊಂಡಿದ್ದೆ. ಅವನು ಬಸ್ಸುಗಳ ಬೋರ್ಡು ನೋಡುತ್ತಿದ್ದ. ‘ಮಾಗಡಿ ಬಸ್ಸು ಎಲ್ ನಿಲ್ತದೆ?’ ಎಂದು ಕೇಳಿದ. ಹತ್ತುವ ಮುಂಚೆ ತಿರುಗಿ, ‘ಯಜಮಾನ್ರಿಗೆ ನಾನು ಆಚೆಗೆ ಬಂದೆ ಅಂತ ಯೋಳ್ಬುಡಿ. ಪಾಪ, ಅವ್ರು ಉಳ ಬುಟ್ಟು ಓಡಿ ಬರಾದ್ ಬ್ಯಾಡ’ ಅಂದ. ಅದರಲ್ಲಿ ಚುಚ್ಚುಮಾತು ಇತ್ತೇ ಎಂದು ಎಷ್ಟೋ ಸಲ ಮನಸ್ಸಿನಲ್ಲಿ ಅದೇ ವಾಕ್ಯವನ್ನು ಕೇಳಿಸಿಕೊಂಡಿದ್ದೇನೆ. ಪ್ರತಿ ಸಲವೂ ಬೇರೆ ಧಾಟಿಯಲ್ಲಿ ಕೇಳಿಸುತ್ತದೆ.

ಕೋರ್ಸು ಮುಗಿಯಿತು. ಸ್ವಲ್ಪ ದಿನದ ಮೇಲೆ ಮೇಡಂ ಸಿಕ್ಕಾಗ ಅವನ ಸುದ್ದಿ ಹೇಳಿದರು. ಅವನು ಮತ್ತೆ ರಾಮನಗರಕ್ಕೆ ಬಂದು ಒಂದೆರಡು ನೂಲು ಶೆಡ್ಡುಗಳಲ್ಲಿ ಕೆಲಸ ಕೇಳಿದನಂತೆ. ‘ಕೋರ್ಟಲ್ಲೇ ಒಪ್ಕೊಂಡವನಲ್ವಾ’ ಎಂದು ಕಳಿಸಿದರಂತೆ. ಮೇಡಂ ಅದನ್ನು ಹೇಳಿ, ಇನ್ಯಾವುದೋ ಕೇಸಿನ ವಿಷಯಕ್ಕೆ ಹೋದರು. ಅವರಿಗೆ ಇಂಥವು ವಾರಕ್ಕೊಂದು. ನನಗೆ ಇದೊಂದೇ. ಬಾಣದ ಗುರುತುಗಳ ಪ್ರಕಾರ ನೋಡಿದರೆ ಎಲ್ಲವೂ ನಡೆದಿತ್ತು: ದೂರು, ಬಂಧನ, ದೋಷಾರೋಪಪಟ್ಟಿ, ತೀರ್ಪು. ನೂಲು ಯಾರು ತೆಗೆದರು ಎಂಬುದನ್ನು ಮಾತ್ರ ಯಾರೂ ಯಾರನ್ನೂ ಕೇಳಬೇಕಾಗಿ ಬರಲಿಲ್ಲ.

ಅದಾದ ಮೇಲೆ ಮಾವನ ಮನೆಗೆ ಹೋದಾಗ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದರು. ನಾನೂ ಕೈ ಹಾಕಿದೆ. ಅವನು ಹೊರಗೆ ಬಂದದ್ದು ಅವರಿಗೆ ಊರಿನವರಿಂದ ತಿಳಿದಿತ್ತು. ಹೇಗೆ ಬಂದ ಎಂದು ತಿಳಿದಿರಲಿಲ್ಲ. ನಾನು ಹೇಳಿದೆ. ಮಾವನ ಕುಡುಗೋಲು ಗಿಡದ ಬುಡದಲ್ಲಿ ಒಂದು ಕ್ಷಣ ನಿಂತಿತು.

‘ಒಪ್ಕಂಡ್ನಾ?’

‘ಹೂಂ.’

‘ಅಂಗಾರೆ ಕದ್ದೇ ಇರ್ಬೇಕು ಬುಡು’ ಅಂದ ಮಾವ. ಎದೆಯ ಮೇಲಿನ ಭಾರ ಇಳಿದವರ ದನಿ ಅದು, ಅಥವಾ ನನಗೆ ಹಾಗೆ ಕೇಳಿಸಿತು. ‘ಕದೀದೇ ಓದ್ರೆ ಯಾರಾರ ಒಪ್ಕತ್ತಾರಾ?’

ಅತ್ತೆ ಬೆನ್ನು ನೆಟ್ಟಗೆ ಮಾಡಿ ಅವನನ್ನು ನೋಡಿದಳು. ‘ಒಂದೊಂದ್ ಎಲೆ ಒರ್ಸಿ ಆಕ್ದ ಅಂತಿದ್ದೆ?’

ಮಾವ ಕೊಯ್ದ ರೆಂಬೆಗಳನ್ನು ಹೊರೆ ಕಟ್ಟತೊಡಗಿದ. ಮಾತು ಅಲ್ಲಿಗೇ ನಿಂತಿದ್ದರೆ ಒಳ್ಳೆಯದಿತ್ತೇನೋ. ಗೇಟಿನ ಹತ್ತಿರ ಕಂಡವರು ಮಾವನಲ್ಲದಿದ್ದರೆ, ಅವನು ಮಾರುಕಟ್ಟೆಯಿಂದ ಸೀದಾ ಮನೆಗೆ ಹೋಗಿದ್ದಾನೆ, ಮರೆತಿದ್ದಾನೆ. ಮಾವನೇ ಆಗಿದ್ದರೆ, ಪಹಣಿಯನ್ನು ಎದೆಗೊತ್ತಿಕೊಂಡು ಅಲ್ಲಿಯವರೆಗೆ ಬಂದು, ಆ ಕಟ್ಟಡವನ್ನು ನೋಡಿ, ಹಿಂದಕ್ಕೆ ತಿರುಗಿದ್ದಾನೆ. ಇವೆರಡರಲ್ಲಿ ನಾನು ಯಾವುದನ್ನು ಬಯಸುತ್ತಿದ್ದೆ ಎಂದು ನನಗೇ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಸುಮ್ಮನಿರಲು ಮಾತ್ರ ಆಗಲಿಲ್ಲ. ಅವನು ಹೊರೆಗೆ ತಲೆ ಕೊಡಲು ಬಗ್ಗಿದಾಗ ಕೇಳಿದೆ. ಹೊರೆ ಹೊತ್ತುಕೊಂಡು ಹುಳುಮನೆಯ ಕಡೆ ಹೋದವನು ಅವತ್ತು ಉತ್ತರ ಹೇಳಲಿಲ್ಲ. ಆಮೇಲೆ ಎಷ್ಟೋ ಹಬ್ಬಗಳಲ್ಲಿ ಒಟ್ಟಿಗೆ ಉಂಡಿದ್ದೇವೆ, ಇಲ್ಲಿಯವರೆಗೂ ಹೇಳಿಲ್ಲ.

‘ಮಾವ, ಅವತ್ತು ಗೂಡು ಹಾಕಿ ಬಂದು, ಕೋರ್ಟಿನ ಗೇಟ್ ಹತ್ರ ನಿಂತಿದ್ದು ನೀನೇನಾ?’